ಅರ್ಧ ಬೆರಳಿನ ಪಟ್ಟಿ

ಮೊದಲು ಹೇಳಿದ್ದು ಮೂಗು. ಕಣ್ಣು ನಂಬಿದ್ದು ಆಮೇಲೆ.

ಸೂಜಿಯಕ್ಕ ಕೆಂಪು ಕಾರಿನ ಎಡಗಡೆಯ ಸೀಟಿನಲ್ಲಿ ಹಿಂದಕ್ಕೆ ಒರಗಿ, ತಲೆಯ ಮೇಲಿದ್ದ ಕಪ್ಪು ಟಾಪಿನ, ಅಂದರೆ ಮಡಚುವ ಬಟ್ಟೆಯ ಚಾವಣಿಯ, ಅಂಚಿಗೆ ಮುಖ ಒತ್ತಿ ಹಿಡಿದಿದ್ದಳು. ಜೇನುಮೇಣದ ವಾಸನೆ ಬಂತು. ಅದು ಬರಬೇಕಾದದ್ದೇ, ದಾರಕ್ಕೆ ಮೇಣ ಉಜ್ಜದೆ ಕಾರಿನ ಟಾಪು ಹೊಲಿದರೆ ನೀರು ಸೋರುತ್ತದೆ. ಆದರೆ ಮೇಣದ ಬೆನ್ನಿಗೇ, ಬಾಗಿಲ ಮರೆಯಲ್ಲಿ ನಿಂತ ಮಗುವಿನಂತೆ, ಇನ್ನೊಂದು ವಾಸನೆ ಅಡಗಿತ್ತು.

ಕರ್ಪೂರ.

"ಒಡೆಯಾ, ನನ್ನ ಮೂಗಿಗೆ ಮೋಸ ಮಾಡಬೇಡ," ಎಂದು ಮನಸ್ಸಿನಲ್ಲೇ ಅಂದುಕೊಂಡು, ಕಣ್ಣು ಮುಚ್ಚಿ ಇನ್ನೊಮ್ಮೆ ಉಸಿರೆಳೆದಳು. ಕರ್ಪೂರವೇ.

ಮೇಣಕ್ಕೆ ಕರ್ಪೂರ ಅರೆದು ಬೆರೆಸುತ್ತಿದ್ದವರು ಅವಳು ಕಂಡಂತೆ ಒಬ್ಬರೇ, ಅವಳ ಅಪ್ಪ. ಹುಳ ಹತ್ತಬಾರದೆಂಬುದು ಗಿರಾಕಿಗಳಿಗೆ ಹೇಳುವ ಕಾರಣ. ಮಾಡಿದ ಕೆಲಸವನ್ನು ದೇವರ ಮುಂದಿಟ್ಟರೂ ನಾಚಿಕೆಯಾಗಬಾರದೆಂಬುದು ಮನೆಯೊಳಗಿನ ಕಾರಣ. ಆ ವಾಸನೆ ನಿಲ್ಲುವುದು ಹೆಚ್ಚೆಂದರೆ ಆರು ತಿಂಗಳು. ಅಪ್ಪ ಕಣ್ಣು ಮುಚ್ಚಿ ಹದಿನಾಲ್ಕು ವರ್ಷವಾಗಿತ್ತು. ಈ ಟಾಪನ್ನು ಅವಳು ಹೊಲಿದಿರಲಿಲ್ಲ. ಹಾಗಿದ್ದರೆ ಈ ಮೇಣ ಬೆರೆಸಬಲ್ಲ ಕೈ ಲೋಕದಲ್ಲಿ ಇನ್ನೊಂದೇ ಉಳಿದಿತ್ತು.

ಅಣ್ಣನದು.

ಹದಿನೇಳು ವರ್ಷದ ಹಿಂದೆ, ತಾವೇ ಕಂದು ಟಾಪು ಹೊಲಿದುಕೊಟ್ಟಿದ್ದ ಕೆನೆಬಣ್ಣದ ಜರ್ಮನ್ ಕಾರೊಂದನ್ನು, "ಗಾಳಿಗೆ ಟಾಪು ಪಟಪಟ ಅನ್ನುತ್ತಾ ನೋಡಿ ಬರ್ತೀನಿ" ಎಂದು ಓಡಿಸಿಕೊಂಡು ಹೋದ ಅಣ್ಣ ಮರಳಿರಲಿಲ್ಲ. ಕಾರೂ ಮರಳಿರಲಿಲ್ಲ. ಪೊಲೀಸರ ಕಡತದಲ್ಲಿ ಅವನ ಹೆಸರಿನ ಮುಂದೆ ಇವತ್ತಿಗೂ ಒಂದೇ ಮಾತಿತ್ತು: ಕಳ್ಳ.

"ಏನಕ್ಕಾ, ನಿದ್ದೆ ಬಂತಾ? ಸೀಟು ಅಷ್ಟೊಂದು ಮೆತ್ತಗಿದೆಯಾ?"

ಕಿಟಕಿಯಲ್ಲಿ ಬಗ್ಗಿದ್ದವನು ಮಾರಾಟಗಾರ. ಅವನಿಗಿಂತ ಎರಡು ಮಾರು ಮುಂದೆ ಅವನ ಸೆಂಟು ಬರುತ್ತಿತ್ತು. ಬಂದ ಗಳಿಗೆಯಲ್ಲೇ, ಜೊತೆಗೆ ಬಂದಿದ್ದ ಅತ್ತಿಗೆ, ಆ ಅಣ್ಣನ ಹೆಂಡತಿ, ಅವನಿಗೆ ಅತ್ತರು ಸಾಹೇಬ ಎಂದು ಹೆಸರಿಟ್ಟಾಗಿತ್ತು.

"ನಿದ್ದೆ ಅಲ್ಲ ಸಾಹೇಬರೇ, ಹೊಲಿಗೆ ಎಣಿಸ್ತಿದ್ದೆ."

"ಎಣಿಸಿ, ಎಣಿಸಿ. ಎಲ್ಲಾ ಕಾರ್ಖಾನೆಯದ್ದೇ. ಅರವತ್ತು ವರ್ಷದಲ್ಲಿ ಒಂದು ದಾರ ಬಿಚ್ಚಿಲ್ಲ. ನಾಲ್ಕು ಗಂಟೆಗೆ ಲಾರಿ ಬರುತ್ತೆ, ಅಷ್ಟರೊಳಗೆ ನಿಮ್ಮದೊಂದು ಸಹಿ ಬಿದ್ದರೆ ಎಲ್ಲರೂ ನಗ್ತಾ ಮನೆಗೆ ಹೋಗಬಹುದು."

ಗೋಡೆಯ ಗಡಿಯಾರ ಮೂರು ಹದಿನೈದು ತೋರಿಸುತ್ತಿತ್ತು.

ಅದೊಂದು ಹಳೆಯ ಗೋದಾಮು. ತಗಡಿನ ಮಾಡಿನ ಕೆಳಗೆ ಆರು ಹಳೆಯ ಕಾರುಗಳು ಬಟ್ಟೆ ಹೊದ್ದು ನಿಂತಿದ್ದವು. ಏಳನೆಯದು ಮಾತ್ರ, ಮದುವಣಗಿತ್ತಿಯ ಹಾಗೆ, ಮುಖ ತೋರಿಸಿ ನಡುವೆ ಕೂತಿತ್ತು. ಪತ್ರಿಕೆಯಲ್ಲಿ ಬಂದ ಜಾಹೀರಾತು ಬಾನೆಟ್ಟಿನ ಮೇಲೇ ಅಂಟಿತ್ತು: ಮಾರಾಟಕ್ಕಿದೆ, ಜರ್ಮನಿಯ ಎರಡು ಸೀಟಿನ ತೆರೆದ ಕಾರು, ಒಬ್ಬರೇ ಯಜಮಾನರ ಕೈಯಲ್ಲಿದ್ದದ್ದು, ಟಾಪು ಕಾರ್ಖಾನೆಯದ್ದೇ.

ಕೊಳ್ಳಲು ಬಂದಿದ್ದವರು ಒಬ್ಬ ಹಲ್ಲಿನ ಡಾಕ್ಟರು. ತೆಳ್ಳನೆಯ ಮನುಷ್ಯ, ಮೆಲುದನಿ. ಕೈಯಲ್ಲಿ ಬಿಳಿ ಬಟ್ಟೆ ಹಿಡಿದು ಕಾರಿನ ಮುಂದಿನ ಜಾಲರಿಯನ್ನು ಕಂಬಿ ಕಂಬಿಯಾಗಿ ಒರೆಸುತ್ತಿದ್ದರು. ಸೂಜಿಯಕ್ಕನನ್ನು ಪರೀಕ್ಷೆಗೆ ಕರೆಸಿದ್ದೂ ಅವರೇ.

"ಅಭ್ಯಾಸಬಲ ನೋಡಿ," ಎಂದು ನಕ್ಕರು. "ಸಾಲಾಗಿ ಕಂಡದ್ದನ್ನೆಲ್ಲ ತೊಳೆಯೋಣ ಅನ್ಸುತ್ತೆ. ನಿಧಾನಕ್ಕೆ ನೋಡಿಮ್ಮಾ, ಆತುರ ಇಲ್ಲ. ಲಾರಿನೂ ನಮ್ಮ ಕೆಲಸದವನೇ ತರ್ತಾನೆ. ಇಂಥ ಕಾರನ್ನ ಹೊರಗಿನವರ ಕೈಗೆ ಕೊಡೋಕೆ ನನಗೆ ಧೈರ್ಯ ಬರಲ್ಲ."

ಸೂಜಿಯಕ್ಕ ತಲೆಯಾಡಿಸಿದಳು. ಇಬ್ಬರೂ ಅತ್ತ ಸರಿದ ಮೇಲೆ ಬಾಗಿಲ ರಬ್ಬರಿನ ಅಂಚನ್ನು ಉಗುರಿನಲ್ಲಿ ಎತ್ತಿದಳು. ಕೆಂಪು ಬಣ್ಣ ಬಳಿದವನ ಕುಂಚ ಅಲ್ಲಿಗೆ ಮುಟ್ಟಿರಲಿಲ್ಲ. ರಬ್ಬರಿನ ಅಡಿಯಲ್ಲಿ ಕಿರುಬೆರಳಗಲ ಕೆನೆಬಣ್ಣ, ನಿನ್ನೆ ಬಳಿದಂತೆ, ಮಿನುಗುತ್ತಿತ್ತು.

ಅದೇ ಕಾರು!

ಕೈಬೆರಳುಗಳು ತಾವಾಗಿಯೇ ಟಾಪಿನ ಎಡ ಅಂಚಿಗೆ ಹೋದವು. ಇನ್ನೊಂದು ಸಾಕ್ಷಿ ಬೇಕಿತ್ತು. ಆ ಸಾಕ್ಷಿ ಇದ್ದರೆ ಅಲ್ಲೇ ಇರಬೇಕಿತ್ತು.

ಅದರ ಕಥೆ ಹೀಗೆ. ಅಪ್ಪನ ಹತ್ತಿರ ಒಂದು ಮರದ ಅಳತೆಕೋಲಿತ್ತು. ಅಣ್ಣ ಆರು ವರ್ಷದವನಿದ್ದಾಗ ಅದನ್ನು ಕುದುರೆ ಮಾಡಿಕೊಂಡು ಓಡಿ, ಕಲ್ಲಿಗೆ ಕುಟ್ಟಿ, ತುದಿಯನ್ನು ಅರ್ಧ ಬೆರಳು ಮುರಿದಿದ್ದ. ಅಪ್ಪ ಹೊಡೆಯಲೂ ಇಲ್ಲ, ಕೋಲನ್ನು ಬಿಸಾಡಲೂ ಇಲ್ಲ. "ಕೋಲು ಬದಲಾಯಿಸೋಕಿಂತ ಪಟ್ಟಿ ಹೊಲಿಯೋದು ಸುಲಭ ಕಣೋ," ಎಂದು ನಕ್ಕುಬಿಟ್ಟಿದ್ದರು. ಅಂದಿನಿಂದ ಅವರ ಅಂಗಡಿಯ ಪ್ರತಿ ಟಾಪಿಗೂ ಎಡ ಅಂಚಿನಲ್ಲಿ ಅರ್ಧ ಬೆರಳು ಬಟ್ಟೆ ಸಾಲದೆ ಬರುತ್ತಿತ್ತು. ಪ್ರತಿ ಟಾಪಿಗೂ ಅಲ್ಲೊಂದು ಸಣ್ಣ ಪಟ್ಟಿ ಕೂಡಿಸಿ ಹೊಲಿಯುತ್ತಿದ್ದರು. ಸೂಜಿಯಕ್ಕ ಬಹಳ ಹಿಂದೆಯೇ ಉಕ್ಕಿನ ಟೇಪಿಗೆ ಬದಲಾಗಿದ್ದಳು. ಅಣ್ಣ ಬದಲಾಗಿರಲಿಲ್ಲ. ಹೋದ ದಿನ ಆ ಕೋಲೂ ಅವನ ಜೊತೆಗೇ ಹೋಗಿತ್ತು.

ಬೆರಳ ತುದಿಗೆ ಪಟ್ಟಿ ಸಿಕ್ಕಿತು. ಅರ್ಧ ಬೆರಳು. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಒತ್ತಿದಾಗ ಪಟ್ಟಿ ಮೆಲ್ಲಗೆ ಚರಕ್ ಅಂದಿತು. ಬಟ್ಟೆ ಹಾಗೆ ಅನ್ನುವುದಿಲ್ಲ. ಒಳಗೆ ಏನೋ ಇತ್ತು.

ಹೊಲಿಗೆ ಬಿಚ್ಚುವ ಕೊಕ್ಕೆಗೆ ಕೈ ಹಾಕಿದಳು. ತಲೆಯೆತ್ತಿದರೆ, ಜಾಲರಿ ಒರೆಸುತ್ತಿದ್ದ ಡಾಕ್ಟರು ಗಾಜಿನಾಚೆಯಿಂದ ಅವಳನ್ನೇ ನೋಡುತ್ತಿದ್ದರು. ಕೊಕ್ಕೆಯನ್ನು ಹಾಗೇ ಸೆರಗಿನ ಮರೆಗೆ ಸೇರಿಸಿದಳು.

"ಅತ್ತಿಗೆ," ಎಂದು ಕೂಗಿದಳು, "ಆ ಕಡೆ ಸೀಟಿನ ಸ್ಪ್ರಿಂಗು ಸ್ವಲ್ಪ ನೋಡ್ಬನ್ನಿ."

ಅತ್ತಿಗೆ ಉಪಕರಣದ ಚೀಲ ಹೆಗಲಿಗೇರಿಸಿ ಬಂದು ಸ್ಟೀರಿಂಗಿನ ಹಿಂದೆ ಕೂತಳು. ಐವತ್ತು ದಾಟಿದ ಹೆಂಗಸು. ಅಂಗಡಿಯ ಮೂರು ಚಕ್ರದ ಸಾಮಾನು ಗಾಡಿಯನ್ನು ಅವಳೇ ಓಡಿಸುತ್ತಿದ್ದಳು. ಹದಿನೇಳು ವರ್ಷದಲ್ಲಿ ಗಂಡನ ಬಗ್ಗೆ ಒಂದು ಕೆಟ್ಟ ಮಾತಾಡಿರಲಿಲ್ಲ. ಒಳ್ಳೆಯ ಮಾತೂ ಆಡಿರಲಿಲ್ಲ.

"ಇಲ್ಲಿ ಮೂಸಿ ನೋಡಿ. ಮುಖದಲ್ಲಿ ಏನೂ ತೋರಿಸ್ಬೇಡಿ."

ಅತ್ತಿಗೆ ಮೂಸಿದಳು. ಮುಖದಲ್ಲಿ ಏನೂ ತೋರಲಿಲ್ಲ. ಸ್ಟೀರಿಂಗು ಹಿಡಿದಿದ್ದ ಬೆರಳ ಗೆಣ್ಣುಗಳು ಮಾತ್ರ ಬೆಳ್ಳಗಾದವು.

"ಎಷ್ಟು ದಿನದ್ದು?"

"ನಾಲ್ಕೈದು ತಿಂಗಳು. ಪಟ್ಟಿನೂ ಇದೆ ಅತ್ತಿಗೆ. ಕೋಲು ಇನ್ನೂ ಅವನ ಹತ್ತಿರಾನೇ ಇದೆ. ಅಣ್ಣ ಬದುಕಿದಾನೆ!"

ಅತ್ತಿಗೆ ಸೀಟನ್ನು ಒತ್ತಿ ನೋಡುವವಳಂತೆ ಎರಡು ಸಲ ಕುಲುಕಿದಳು.

"ಬದುಕಿದ್ದೂ ಬರ್ಲಿಲ್ಲ ಅಂದ್ರೆ," ಎಂದಳು ಕೊನೆಗೆ, "ಅದು ಸತ್ತಿದ್ದಕ್ಕಿಂತ ಕೆಟ್ಟದ್ದಲ್ವೇನೇ?"

"ಬರೋಕೆ ಬಿಡ್ಲಿಲ್ಲವೋ ಏನೋ."

"ಹಾಗಂತ ನನ್ನ ಸಮಾಧಾನಕ್ಕೆ ಹೇಳ್ತಿದೀಯಾ, ನಿಂಗೆ ಗೊತ್ತಾ?"

"ಗೊತ್ತಿಲ್ಲ. ತಿಳ್ಕೊಂಡು ಬರ್ತೀನಿ."

ಪೊಲೀಸರಿಗೆ ಹೇಳಿದರೆ ಮೊದಲು ಕೈಕೋಳ ಬೀಳುವುದು ಅಣ್ಣನಿಗೇ. ಹೇಳದೆ ಬಿಟ್ಟರೆ ನಾಲ್ಕಕ್ಕೆ ಲಾರಿ ಬಂದು, ಅಣ್ಣನನ್ನು ತಲುಪುವ ಒಂದೇ ಎಳೆ ಕಣ್ಣೆದುರೇ ಕಡಿದುಹೋಗುತ್ತದೆ. ಸೂಜಿಯಕ್ಕ ಕಾರಿನಿಂದಿಳಿದಳು. ಭಯವಿತ್ತು, ಅದರ ಮೇಲೆ, ಹಾಲಿನ ಕೆನೆಯಂತೆ, ಸಂತೋಷ ಕಟ್ಟಿತ್ತು. ಅಣ್ಣನಿಗೆ ಉಸಿರಿದೆ! ಇವತ್ತು ಅಷ್ಟು ಸಾಕು, ಉಳಿದದ್ದು ದೇವರ ಕೆಲಸ ಎಂದುಕೊಂಡು ಗಾಜಿನ ಕೋಣೆಯ ಬಾಗಿಲು ತಳ್ಳಿದಳು.

ಅತ್ತರು ಸಾಹೇಬ ಮೇಜಿನ ಮೇಲೆ ಕಾಗದ ಹರವಿ, ಪೆನ್ನನ್ನು ಅದರ ಮೇಲೆ ನೇರವಾಗಿ ಇಟ್ಟುಕೊಂಡು ಕಾದಿದ್ದ.

"ಬನ್ನಿ ಅಕ್ಕಾ. ಎರಡೇ ಸಾಲು. 'ಇದು ನಮ್ಮ ಅಂಗಡಿಗೆ ಎಂದೂ ಬಂದ ಕಾರಲ್ಲ. ಟಾಪು ಕಾರ್ಖಾನೆಯದ್ದೇ.' ಕೆಳಗೆ ನಿಮ್ಮ ಸಹಿ."

"ನಮ್ಮ ಅಂಗಡಿಗೆ ಬಂದಿತ್ತು ಅಂತ ಯಾರಾದ್ರೂ ಅಂದಿದ್ರಾ?"

ಅವನ ನಗು ಅರ್ಧಕ್ಕೇ ನಿಂತಿತು. "ಅಲ್ಲ... ಸುಮ್ನೆ, ಕ್ರಮ ಅಷ್ಟೇ."

"ನಾನು ಮೂವತ್ತು ವರ್ಷದಿಂದ ಟಾಪು ಹೊಲೀತಿದೀನಿ ಸಾಹೇಬರೇ. ನಮ್ಮಲ್ಲಿಗೆ ಬರದ ಕಾರು ಸಾವಿರ ಇವೆ. ಯಾವ ಕಾರಿನವರೂ 'ನಾವು ನಿಮ್ಮಲ್ಲಿಗೆ ಬಂದಿಲ್ಲ' ಅಂತ ಬರ್ಕೊಡಿ ಅಂದಿಲ್ಲ."

"ಗಿರಾಕಿ ಕೇಳಿದ್ರು, ಅದಕ್ಕೆ."

"ಬಾಗಿಲ ರಬ್ಬರಿನ ಕೆಳಗೆ ಕೆನೆಬಣ್ಣ ಇದೆ."

ಅವನು ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಸರಿಸಿದ.

"ದಾರದ ಮೇಣ ಇನ್ನೂ ಹಸಿ ವಾಸನೆ ಹೊಡೀತಿದೆ. ಹಿಂದಿನ ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗೆ ಒಂದು ಗೀರು ಇಲ್ಲ, ಹಳದಿ ಇಲ್ಲ. ಅರವತ್ತು ವರ್ಷದ ಹಾಳೆ ಸ್ವಾಮಿ ಅದು! ನನ್ನ ಕನ್ನಡಕವೇ ಎರಡು ವರ್ಷಕ್ಕೆ ಮಂಜಾಗುತ್ತೆ. ಹೇಳಿ, ಯಾರು ಹೊಲಿದಿದ್ದು?"

"ಅಕ್ಕಾ, ಕಾಲಿಗೆ ಬೀಳ್ತೀನಿ, ಮೆಲ್ಲಗೆ ಮಾತಾಡಿ." ಸೆಂಟನ್ನೂ ಮೀರಿ ಬೆವರಿನ ವಾಸನೆ ಬಂತು. "ನಾನು ಬರೀ ಬಾಯಿ. ಕಾರು ನನ್ನದಲ್ಲ. ಮೂರು ತಿಂಗಳ ಹಿಂದೆ ತಂದು ನಿಲ್ಲಿಸಿದಾಗಲೇ ಟಾಪು ಹೀಗೇ ಇತ್ತು. ಜಾಹೀರಾತು ಹಾಕು ಅಂದ್ರು, ಹಾಕಿದೆ. ನಾನೇ ಕೊಳ್ಳೋಕೆ ಬರ್ತೀನಿ, ಮಾರಿದ ಹಾಗೆ ಮಾಡು ಅಂದ್ರು..."

"ಯಾರು ಅಂದ್ರು? ತಮ್ಮ ಕಾರನ್ನ ತಾವೇ ಕೊಳ್ಳೋರು ಯಾರು?"

ಅವನ ಕಣ್ಣು ಅವಳ ಹೆಗಲಾಚೆ ಹೋಗಿ ಅಲ್ಲೇ ನಟ್ಟಿತು.

"ಪಾಪ, ಅವರನ್ನ ಯಾಕೆ ಬೆವರಿಸ್ತೀರಿ?" ಹಿಂದಿನಿಂದ ಮೆಲುದನಿ ಬಂತು. "ನನ್ನನ್ನೇ ಕೇಳಬಹುದಿತ್ತಲ್ಲ."

ಹಲ್ಲಿನ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಬಿಳಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಇನ್ನೊಂದು ಕೈಯಲ್ಲಿದ್ದುದನ್ನು ಕಾಗದದ ಪಕ್ಕದಲ್ಲಿ, ಸದ್ದಾಗದ ಹಾಗೆ, ಮೇಜಿನ ಮೇಲೆ ಮಲಗಿಸಿದರು.

ಮರದ ಅಳತೆಕೋಲು. ತುದಿ ಮುರಿದದ್ದು.

ನಡುವೆ ಕೈಬೆವರಿಗೆ ಕಪ್ಪಾಗಿದ್ದ ಜಾಗ, ಅಪ್ಪ ಕಾಯಿಸಿದ ಕಬ್ಬಿಣದಿಂದ ಸುಟ್ಟು ಮಾಡಿದ ಗುರುತು, ಎಲ್ಲವೂ ಅದರಲ್ಲಿದ್ದವು. ಹದಿನೇಳು ವರ್ಷ ಕಾಣದ ಬಂಧುವಿನಂತೆ ಅದು ಅವಳನ್ನು ನೋಡುತ್ತಿತ್ತು.

"ಒಳ್ಳೆ ಕೋಲು," ಎಂದರು ಡಾಕ್ಟರು. "ಅಳೆದ ಮೇಲೆ ಅರ್ಧ ಬೆರಳು ಸೇರಿಸ್ಕೊಳ್ಳೋದು ಮಾತ್ರ ಮರೀಬಾರದು. ಅಲ್ವಾ?"

ಅದು ಮನೆಯವರನ್ನು ಬಿಟ್ಟು ಲೋಕದಲ್ಲಿ ಯಾರಿಗೂ ತಿಳಿಯದ ಮಾತು.

"ನಮ್ಮಣ್ಣ ಎಲ್ಲಿ?"

"ಹತ್ತಿರದಲ್ಲೇ ಇದ್ದಾನೆ. ನೀವು ಅಂದ್ಕೊಂಡಷ್ಟು ದೂರ ಇಲ್ಲ. ಊಟ ಮಾಡ್ತಾನೆ, ಕೆಲಸ ಮಾಡ್ತಾನೆ. ಮಾತು ಮಾತ್ರ ಕಡಿಮೆ ಮಾಡಿದಾನೆ."

"ಹದಿನೇಳು ವರ್ಷ! ಒಬ್ಬ ಮನುಷ್ಯನನ್ನ ಹೇಗೆ ಹಿಡಿದಿಟ್ಕೊಂಡ್ರಿ?"

"ಹಿಡಿಯೋದೇನು ಬಂತು? ಊರೆಲ್ಲ ಕಳ್ಳ ಅಂತ ಹುಡುಕ್ತಿರೋ ಮನುಷ್ಯನಿಗೆ ಬೀಗ ಯಾಕೆ ಬೇಕು? ಬಾಗಿಲು ತೆಗೆದೇ ಇಟ್ಟಿದ್ದೆ. ಹೊರಗೆ ಹೋದ್ರೆ ಜೈಲು ಅಂತ ಅವನಿಗೆ ನೆನಪು ಮಾಡ್ತಿದ್ದೆ, ಅಷ್ಟೇ." ಪೆನ್ನಿನ ಮುಚ್ಚಳ ತೆಗೆದು ಅವಳತ್ತ ಚಾಚಿದರು. ಹಲ್ಲು ಕೀಳುವ ಮುನ್ನ ಮಕ್ಕಳನ್ನು ರಮಿಸುವ ದನಿ. "ಈ ಕಾರಿನ ಹಳೇ ಕಥೆ ಬಲ್ಲ ಅಂಗಡಿ ನಿಮ್ಮದೊಂದೇ. ನೀವು ಅಲ್ಲ ಅಂದ್ರೆ, ಇದು ಆ ಕದ್ದ ಕಾರಲ್ಲ, ನನ್ನ ಹೆಸರಿಗೆ ಕಾಗದ ಆಗುತ್ತೆ. ಸಹಿ ಹಾಕಿ. ಕೋಲೂ ಸಿಗುತ್ತೆ, ಕೋಲಿನ ಯಜಮಾನನೂ ಸಿಗ್ತಾನೆ."

ಮೂರು ಐವತ್ತು. ಲಾರಿಗೆಂದು ಗೋದಾಮಿನ ದೊಡ್ಡ ಗೇಟನ್ನು ಆಗಲೇ ತೆರೆದಿಟ್ಟಿದ್ದರು.

ಸೂಜಿಯಕ್ಕ ಪೆನ್ನು ತೆಗೆದುಕೊಂಡಳು. ಸುಳ್ಳಿಗೆ ಸಹಿ ಹಾಕಿದರೆ ಅಣ್ಣ ಎಂದೆಂದಿಗೂ ಕಳ್ಳನೇ. ಅವನು ಕದ್ದ ಕಾರು ಸಿಗಲೇ ಇಲ್ಲವೆಂದು ಲೋಕ ನಂಬುತ್ತದೆ. ಹಾಕದಿದ್ದರೆ ಅಣ್ಣನೇ ಇಲ್ಲ. ಪೆನ್ನಿನ ಮೊನೆ ಕಾಗದದ ಮೇಲೆ ಬಂದು ನಿಂತಿತು. ಒಡೆಯಾ, ದಾರಿ ತೋರಿಸು.

ಆಗ ಗೋದಾಮಿನ ತಗಡೆಲ್ಲ ಗುಡುಗಿತು.

ಕಾರಿನ ಇಂಜಿನ್ನು! ಗಾಜು ನಡುಗಿತು. ಮೂವರೂ ತಿರುಗಿ ನೋಡಿದರು. ಕೆಂಪು ಕಾರಿನ ಸ್ಟೀರಿಂಗಿನ ಹಿಂದೆ ಅತ್ತಿಗೆ, ಸೆರಗನ್ನು ಸೊಂಟಕ್ಕೆ ಬಿಗಿದು, ಕೂತಿದ್ದಳು. ತೆರೆದ ಬಾಗಿಲಿನಿಂದ ಒಳಗಿನ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ಕೀ ಯಾಕಯ್ಯಾ ಅದರಲ್ಲೇ ಬಿಟ್ಟೆ?" ಡಾಕ್ಟರ ಮೆಲುದನಿ ಮೊದಲ ಬಾರಿಗೆ ಒಡೆಯಿತು.

"ಇಂಜಿನ್ನಿನ ಸದ್ದು ಕೇಳಿಸೋಣ ಅಂತ..." ಅತ್ತರು ಸಾಹೇಬ ತೊದಲಿದ.

"ಹದಿನೇಳು ವರ್ಷ ಕಳ್ಳನ ಹೆಂಡ್ತಿ ಅನ್ನಿಸ್ಕೊಂಡಿದೀನಿ!" ಅತ್ತಿಗೆಯ ದನಿ ಇಂಜಿನ್ನಿನ ಸದ್ದನ್ನೂ ಮೀರಿತು. "ಆ ಹೆಸರಿಗೆ ಇವತ್ತಾದ್ರೂ ನ್ಯಾಯ ಸಲ್ಲಿಸ್ತೀನಿ. ಡಾಕ್ಟ್ರೇ, ಕಾರು ಬೇಕಾದ್ರೆ ನನ್ನ ಗಂಡನ್ನ ಕರ್ಕೊಂಡು ಅಂಗಡಿಗೆ ಬನ್ನಿ! ಹತ್ತೇ, ನೋಡ್ತಾ ನಿಂತ್ಯಲ್ಲಾ!"

ಸೂಜಿಯಕ್ಕ ಪೆನ್ನು ಬಿಸುಟು ಕೋಲು ಕಿತ್ತುಕೊಂಡಳು. ತಡೆಯಲು ಬಂದ ಅತ್ತರು ಸಾಹೇಬನ ಮೊಣಕಾಲಿಗೆ ಅದರಿಂದಲೇ ಒಂದು ಬಿಟ್ಟಳು. ಎಡಗಡೆಯ ಸೀಟಿಗೆ ಬಿದ್ದಳು. ಬಾಗಿಲು ಹಾಕುವ ಮೊದಲೇ ಕಾರು ಚಿಮ್ಮಿತು.

ಸಾಮಾನು ಗಾಡಿಗೆ ಒಗ್ಗಿದ ಅತ್ತಿಗೆಯ ಕಾಲಿಗೆ ಆ ಕಾರಿನ ಪೆಡಲು ತೀರಾ ಹಗುರ. ಗೇಟಿನ ಕಂಬಕ್ಕೂ ಕನ್ನಡಿಗೂ ನಡುವೆ ಒಂದು ಹೊಲಿಗೆಯಷ್ಟು ಜಾಗ ಉಳಿದಿತ್ತು. "ಅಯ್ಯೋ ತಾಯೀ, ಇದು ಕಾರೋ ಕುದುರೇನೋ!" ಎಂದು ಅತ್ತಿಗೆ ಕೂಗಿದಳು. ಕೂಗುತ್ತಲೇ ನಗುತ್ತಿದ್ದಳು. ಅವಳು ನಕ್ಕದ್ದನ್ನು ಸೂಜಿಯಕ್ಕ ಎಷ್ಟು ವರ್ಷದ ಮೇಲೆ ನೋಡಿದಳೋ!

ಬೀದಿಯ ನಡುವೆ, ಕಾರು ಹೊರಲು ಹಿಂಬದಿ ಬಯಲಾಗಿರುವ ಲಾರಿಯೊಂದು ಎದುರಾಯಿತು. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಚಾಲಕ ಹಾರ್ನ್ ಹೊಡೆದ, ಒಂದು ಸಲ, ಎರಡು ಸಲ, ಕೈಯನ್ನು ಹೊರಚಾಚಿ ಏನೋ ಬೀಸಿದ. ಅತ್ತಿಗೆ ಸರಕ್ಕನೆ ಪಕ್ಕಕ್ಕೆ ಎಳೆದು ನುಸುಳಿದಳು.

"ಲಾರಿ ಬಂತು ಅವರದ್ದು! ಹೋಗಿ ಖಾಲಿ ನೆಲ ಹೊತ್ಕೊಂಡು ಬರ್ಲಿ!"

ಸೂಜಿಯಕ್ಕನ ಕೈಯಲ್ಲಿ ಆಗಲೇ ಕೊಕ್ಕೆ ಇತ್ತು. ತಲೆಯ ಮೇಲಿನ ಪಟ್ಟಿಯ ಹೊಲಿಗೆಯನ್ನು ಚಕಚಕನೆ ಬಿಚ್ಚಿದಳು. ಗಾಳಿಗೆ ಟಾಪು ಕಿಂಚಿತ್ತೂ ಪಟಪಟಿಸಲಿಲ್ಲ, ಅಣ್ಣನ ಕೆಲಸ! ಪಟ್ಟಿಯೊಳಗಿನಿಂದ ಉದ್ದಕ್ಕೆ ಮಡಿಸಿದ ಮೇಣಗಾಗದ ಜಾರಿ ಅವಳ ಮಡಿಲಿಗೆ ಬಿತ್ತು.

ಅಣ್ಣನದೇ ಕೈಬರಹ. ಅವಳನ್ನು ಅವನೊಬ್ಬನೇ ಕರೆಯುತ್ತಿದ್ದ ಹೆಸರು.

"ಏನು ಬರ್ದಿದಾರೆ? ಜೋರಾಗಿ ಓದೇ!"

ಅವಳು ಓದಿದಳು. ಓದುತ್ತಾ ಓದುತ್ತಾ ದನಿ ತಗ್ಗಿತು.

"'ಗುಬ್ಬೀ, ಈ ಪಟ್ಟಿ ಮುಟ್ಟುವವಳು ನೀನೊಬ್ಬಳೇ ಎಂದು ಗೊತ್ತು. ನಿನ್ನಿಂದ ಸಹಿ ಹಾಕಿಸುವ ಅವರ ಯೋಜನೆ ನನ್ನ ಕಿವಿಗೆ ಬಿದ್ದಿದೆ. ಅವರು ಕೇಳಿದ ಕಡೆ ಸಹಿ ಹಾಕಿಬಿಡು. ನಾನು ಬರುವವರೆಗೆ ಕಾರನ್ನು ಮಾತ್ರ ಅಲ್ಲಿಂದ ಕದಲಲು ಬಿಡಬೇಡ. ಅದನ್ನು ಒಯ್ಯಲು ಲಾರಿ ತರುವವನು ನಾನೇ.'"

ಅತ್ತಿಗೆಯ ಕಾಲು ಬ್ರೇಕಿನ ಮೇಲೆ ಬಿತ್ತು. ಕಾರು ಕಿರುಚಿ ನಿಂತಿತು.

ಇಬ್ಬರೂ ಹಿಂದಿರುಗಿ ನೋಡಿದರು. ಹಿಂದಿನ ಕಿಟಕಿಯ ಹೊಚ್ಚ ಹೊಸ ಹಾಳೆಯ ಆಚೆ, ಬೀದಿಯ ಆ ತುದಿಯಲ್ಲಿ, ಲಾರಿ ಗೋದಾಮಿನೊಳಗೆ ಹೊಕ್ಕಾಗಿತ್ತು. ಹಲ್ಲಿನ ಡಾಕ್ಟರು ಸ್ವತಃ ನಿಂತು ದೊಡ್ಡ ಗೇಟನ್ನು ಎಳೆಯುತ್ತಿದ್ದರು. ಎರಡು ರೆಕ್ಕೆಗಳೂ ಕೂಡಿಕೊಂಡವು. ಮಧ್ಯಾಹ್ನದ ಬಿಸಿಲಿನಲ್ಲಿ ಬೀಗದ ಸರಪಳಿ ಒಮ್ಮೆ ಮಿಂಚಿತು.